ಕಾಣದ ಸಂಗಾತಿಗೆ ಬೆಳಕೇ ಸಾಕ್ಷಿ

ಆಕಾಶದ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬಿಡದೆ ಬೆನ್ನು ಹತ್ತುತ್ತದೆ. ಎಷ್ಟೇ ದೊಡ್ಡ ದೂರದರ್ಶಕ ತಿರುಗಿಸಿದರೂ ಒಂದೇ ಚುಕ್ಕೆಯಾಗಿ ಕಾಣುವ ನಕ್ಷತ್ರವನ್ನು ತೋರಿಸಿ, ಇದು ಒಂದಲ್ಲ ಎರಡು, ಜೊತೆಯಲ್ಲಿ ಮಂಕಾದ ಇನ್ನೊಂದಿದೆ, ಅದರ ತೂಕ ಇಷ್ಟು, ಕಾವು ಇಷ್ಟು ಎಂದು ವಿಜ್ಞಾನಿಗಳು ಹೇಳುತ್ತಾರಲ್ಲ, ಯಾರೂ ನೋಡದ ಆ ಇನ್ನೊಂದನ್ನು ನಂಬುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ನಾಡಿನಲ್ಲಿ, ಕಾಣದ್ದನ್ನು ಸುಮ್ಮನೆ ಒಪ್ಪಿಕೊಳ್ಳಿ ಎಂದು ಯಾರಿಗೂ ಹೇಳಲಾಗದು. ಆದರೆ ಇದಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ. ಒಂದನ್ನೊಂದು ಬಹಳ ಹತ್ತಿರದಲ್ಲಿ ಸುತ್ತುವ ಜೋಡಿ ನಕ್ಷತ್ರಗಳಲ್ಲಿ ಮಂಕಾದ ಸಂಗಾತಿಯ ಬಗ್ಗೆ ರೋಹಿತ ಕೊಡುವ ಸಾಕ್ಷ್ಯ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿಟ್ಟ ಬೆಳಕು ಕೊಡುವ ಸಾಕ್ಷ್ಯ, ಕಣ್ಣಿನ ಸಾಕ್ಷ್ಯಕ್ಕಿಂತ ಒಂದು ಕೂದಲೆಳೆಯೂ ಕಡಿಮೆಯದಲ್ಲ. ಕಣ್ಣು ಹೇಳಲಾರದ ತೂಕವನ್ನೂ ಪೂರ್ವೇತಿಹಾಸವನ್ನೂ ಅದು ಹೇಳುತ್ತದೆ. ತಪ್ಪಿದ್ದರೆ ತಪ್ಪು ಎಂದು ತೋರಿಸಿಕೊಡುವ ದಾರಿಯೂ ಅದರೊಳಗೇ ಇದೆ. ನಾನು ಅದನ್ನು ನಂಬುವುದು ಮುಖ್ಯವಾಗಿ ಈ ಕೊನೆಯ ಕಾರಣಕ್ಕೆ.

ಎಲ್ಲರಿಗೂ ಗೊತ್ತಿರುವ ನಕ್ಷತ್ರದಿಂದಲೇ ಶುರು ಮಾಡೋಣ. ಮದುವೆಯಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಶಾಸ್ತ್ರ ನಮ್ಮ ಕಡೆ ಇನ್ನೂ ಉಳಿದಿದೆ. ಸಪ್ತರ್ಷಿ ಮಂಡಲದ ಬಾಲದ ಮೂರು ನಕ್ಷತ್ರಗಳಲ್ಲಿ ನಡುವಿನದು ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಮಿನುಗುವುದು ಅರುಂಧತಿ. ಬೇಸಿಗೆಯ ರಾತ್ರಿ ಕುಷ್ಟಗಿಯ ಕಡೆಯ ಬಯಲು ಹೊಲದಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದರೆ ಇವೆರಡೂ ಬರಿಗಣ್ಣಿಗೇ ಬೇರೆ ಬೇರೆಯಾಗಿ ಸಿಗುತ್ತವೆ. ಗೆಲಿಲಿಯೋನ ಶಿಷ್ಯ ಬೆನೆಡೆಟ್ಟೊ ಕ್ಯಾಸ್ಟೆಲಿ 1617ರಲ್ಲಿ ವಸಿಷ್ಠದತ್ತ ದೂರದರ್ಶಕ ತಿರುಗಿಸಿದಾಗ ಅದೇ ಎರಡಾಗಿ ಕಂಡಿತು. ಕಣ್ಣಿನ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ಮುಂದಿನ ಹೆಜ್ಜೆಗೆ ಇನ್ನೂರೈವತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. 1889ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಎಡ್ವರ್ಡ್ ಪಿಕರಿಂಗ್, ವಸಿಷ್ಠದ ಜೋಡಿಯಲ್ಲಿ ಹೆಚ್ಚು ಬೆಳಗುವ ನಕ್ಷತ್ರದ ರೋಹಿತದ ಛಾಯಾಚಿತ್ರಗಳಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ಕ್ಯಾಲ್ಸಿಯಂನ ಕಪ್ಪು ಗೆರೆ ಕೆಲವು ರಾತ್ರಿ ಒಂದೇ ಆಗಿರುತ್ತಿತ್ತು, ಕೆಲವು ರಾತ್ರಿ ಎರಡಾಗಿ ಸೀಳಿರುತ್ತಿತ್ತು. ಆ ಫಲಕಗಳ ಮೇಲೆ ದುಡಿದವರಲ್ಲಿ ಆಂಟೋನಿಯಾ ಮೌರಿ ಎಂಬ ತರುಣಿಯ ಪಾಲು ದೊಡ್ಡದು. ಸೀಳುವುದೂ ಕೂಡುವುದೂ ಲೆಕ್ಕ ತಪ್ಪದೆ ಮರಳಿ ಬರುತ್ತಿದ್ದುದರಿಂದ, ಅಲ್ಲಿರುವುದು ಒಂದು ನಕ್ಷತ್ರವಲ್ಲ, ಒಂದನ್ನೊಂದು ಸುತ್ತುವ ಎರಡು ಎಂಬ ನಿರ್ಣಯ ಬಂತು. ಇಂದಿನ ಲೆಕ್ಕದಲ್ಲಿ ಅವು ಒಂದು ಸುತ್ತು ಮುಗಿಸಲು ಸುಮಾರು ಇಪ್ಪತ್ತೂವರೆ ದಿನ ಹಿಡಿಯುತ್ತದೆ. ನಂಬದವರಿಗೆ ಆಗ ತೋರಿಸಲು ಬೇರೇನೂ ಇರಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಅರಿಜೋನಾದಲ್ಲಿ, ದೂರ ದೂರ ಇಟ್ಟ ಕನ್ನಡಿಗಳ ಬೆಳಕನ್ನು ಒಂದುಗೂಡಿಸುವ ಉಪಕರಣ ಆ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಚಿತ್ರಿಸಿತು. ರೋಹಿತ ಹೇಳಿದ್ದ ಅವಧಿಯಲ್ಲೇ ಅವು ಸುತ್ತುತ್ತಿದ್ದವು. ಸಾಕ್ಷಿ ನುಡಿದು ನೂರು ವರ್ಷ ದಾಟಿದ ಮೇಲೆ ಕಣ್ಣು ಬಂದು ಹೌದು ಎಂದಿತು.

ಗೆರೆ ಸೀಳುವುದೇಕೆ ಎಂಬುದನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ನಕ್ಷತ್ರದ ಬೆಳಕನ್ನು ಬಿಡಿಸಿದಾಗ ಬಣ್ಣದ ಪಟ್ಟಿಯ ಅಡ್ಡಕ್ಕೆ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರದ ಹೊರಪದರದಲ್ಲಿರುವ ಜಲಜನಕ, ಸೋಡಿಯಂ, ಕ್ಯಾಲ್ಸಿಯಂ, ಕಬ್ಬಿಣದಂಥ ಧಾತುಗಳು ತಮ್ಮ ತಮ್ಮ ನಿಗದಿತ ತರಂಗದೂರದ ಬೆಳಕನ್ನು ಹೀರಿಕೊಳ್ಳುವುದರಿಂದ ಈ ಗೆರೆಗಳು ಹುಟ್ಟುತ್ತವೆ. ನಕ್ಷತ್ರ ನಮ್ಮತ್ತ ಬರುತ್ತಿದ್ದರೆ ಎಲ್ಲ ಗೆರೆಗಳೂ ನೀಲಿಯ ಕಡೆಗೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ ತುಸು ಸರಿಯುತ್ತವೆ. ಇದೇ ಡಾಪ್ಲರ್ ಪರಿಣಾಮ. ಈ ಸರಿಯುವಿಕೆ ಬಹಳ ಸಣ್ಣದು. ಸೆಕೆಂಡಿಗೆ 30 ಕಿಲೋಮೀಟರ್ ವೇಗಕ್ಕೆ ಗೆರೆ ತನ್ನ ತರಂಗದೂರದ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ ಜರುಗುತ್ತದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ ಜೋಡಿಸಿರುವ ರೋಹಿತಮಾಪಕ, ತರಂಗದೂರದ ಅರವತ್ತು ಸಾವಿರದಲ್ಲಿ ಒಂದು ಭಾಗದ ವ್ಯತ್ಯಾಸವನ್ನೂ ಬೇರ್ಪಡಿಸಿ ತೋರಿಸುತ್ತದೆ. ಆ ದೂರದರ್ಶಕವನ್ನು ನಡೆಸುವವರು ಹಿಮದಲ್ಲಿ ಕುಳಿತಿಲ್ಲ. ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುತ್ತಾರೆ. ಇನ್ನು ತೂಕದ ಲೆಕ್ಕ. ಹಬ್ಬದ ದಿನ ಓಣಿಯಲ್ಲಿ ದೊಡ್ಡ ಹುಡುಗಿಯೊಬ್ಬಳು ಪುಟ್ಟ ತಂಗಿಯ ಕೈ ಹಿಡಿದು ಫುಗಡಿ ಆಡುವುದನ್ನು ನೋಡಿ. ದೊಡ್ಡವಳು ಸಣ್ಣ ವೃತ್ತದಲ್ಲಿ ನಿಧಾನ ತಿರುಗುತ್ತಾಳೆ, ಚಿಕ್ಕವಳು ದೊಡ್ಡ ವೃತ್ತದಲ್ಲಿ ಭರ್ರನೆ ಸುತ್ತುತ್ತಾಳೆ. ನಕ್ಷತ್ರಗಳಲ್ಲೂ ಹಾಗೇ. ಎರಡರ ವೇಗವನ್ನು ಅಳೆದರೆ ಅವುಗಳ ತೂಕದ ಅನುಪಾತ ತಾನಾಗಿ ಸಿಗುತ್ತದೆ. ಎಷ್ಟು ಪಟ್ಟು ವೇಗ ಹೆಚ್ಚೋ ಅಷ್ಟು ಪಟ್ಟು ತೂಕ ಕಡಿಮೆ.

ವಸಿಷ್ಠದ ಆ ಜೋಡಿ ನಮ್ಮ ಪುಣ್ಯಕ್ಕೆ ಸರಿಸಮನಾದದ್ದು, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊಳಪು. ಆದ್ದರಿಂದಲೇ ಎರಡರ ಗೆರೆಗಳೂ ಕಂಡವು. ಹೆಚ್ಚಿನ ಜೋಡಿಗಳಲ್ಲಿ ಆ ಭಾಗ್ಯವಿಲ್ಲ. ಒಂದು ನಕ್ಷತ್ರ ಇನ್ನೊಂದಕ್ಕಿಂತ ನೂರು ಪಟ್ಟು, ಸಾವಿರ ಪಟ್ಟು ಪ್ರಕಾಶಮಾನವಾಗಿರುತ್ತದೆ. ಒಟ್ಟು ಬೆಳಕಿನಲ್ಲಿ ಮಂಕು ಸಂಗಾತಿಯ ಪಾಲು ನೂರಕ್ಕೆ ಒಂದಿದ್ದರೆ ಅದರ ಗೆರೆಗಳ ಆಳ ಅದಕ್ಕಿಂತಲೂ ಕಡಿಮೆ, ಉಪಕರಣದ ಅಳತೆಯ ಏರುಪೇರಿನಲ್ಲೇ ಅವು ಮುಳುಗಿಹೋಗುತ್ತವೆ. ಆಗ ಕೈಗೆ ಸಿಗುವುದು ದೊಡ್ಡ ನಕ್ಷತ್ರದ ಗೆರೆಗಳ ತೂಗಾಟ ಮಾತ್ರ. ಅದರಿಂದ ಸಂಗಾತಿ ಇದೆ ಎಂದೂ, ಸುತ್ತಿನ ಅವಧಿ ಎಷ್ಟು ಎಂದೂ, ಸಂಗಾತಿಯ ತೂಕ ಕನಿಷ್ಠ ಇಷ್ಟಾದರೂ ಇರಬೇಕು ಎಂದೂ ಹೇಳಬಹುದು. ಅಲ್ಲಿಂದ ಮುಂದೆ ಅಂದಾಜೇ ಗತಿ. ಮಂಕು ಸಂಗಾತಿಯ ಗೆರೆಯನ್ನು ಹೇಗಾದರೂ ಹುಡುಕಿ ಹಿಡಿಯುವುದು ಅದಕ್ಕಾಗಿಯೇ ಇಷ್ಟು ಮುಖ್ಯ. ಆ ಗೆರೆ ಸಿಕ್ಕಿತೆಂದರೆ ಅಂದಾಜಿನ ಜಾಗದಲ್ಲಿ ಅಳತೆ ಬಂದು ಕೂರುತ್ತದೆ. ತೊಂದರೆಯ ಮೂಲವೂ ಇಲ್ಲಿಯೇ ಇದೆ. ಮಂಕು ಬೆಳಕು ನಮಗೆ ತಲುಪುತ್ತಲೇ ಇದೆ, ಪಕ್ಕದ ಪ್ರಖರ ಬೆಳಕು ಅದನ್ನು ಮುಚ್ಚಿಹಾಕುತ್ತಿದೆ.

ಪ್ರಖರವಾದದ್ದನ್ನು ಮರೆಮಾಡಿದರೆ ಮಂಕಾದದ್ದು ಹೊರಗೆ ಬರುತ್ತದೆ ಎಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. 1980ರ ಫೆಬ್ರುವರಿ 16ರ ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ಕರಾವಳಿಯಿಂದ ಹುಬ್ಬಳ್ಳಿ, ಗದಗ ದಾಟಿ, ಆಗಿನ್ನೂ ರಾಯಚೂರು ಜಿಲ್ಲೆಯೊಳಗೇ ಇದ್ದ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ತಾಲೂಕುಗಳ ಮೇಲೆ ಹಾದುಹೋಯಿತು. ಎರಡು ನಿಮಿಷಕ್ಕೂ ಮಿಗಿಲಾಗಿ ಸೂರ್ಯನ ಬಿಂಬ ಪೂರ್ತಿ ಮರೆಯಾಗಿ, ಅದಕ್ಕಿಂತ ಲಕ್ಷಾಂತರ ಪಟ್ಟು ಮಂಕಾದ ಸೂರ್ಯಕಿರೀಟ ಬರಿಗಣ್ಣಿಗೆ ಕಂಡಿತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿ ಹತ್ತಿರದ ಹೊಸೂರಿನಲ್ಲೂ, ಗಂಗಾವತಿಯ ನೆರೆಯ ಸಿಂಧನೂರು ತಾಲೂಕಿನ ಜವಳಗೇರಾದಲ್ಲೂ ಬೀಡುಬಿಟ್ಟು ಆ ಮಂಕು ಬೆಳಕನ್ನು ಅಳೆದರು. ಬಹಳಷ್ಟು ಜನ ಅಂದು ಬಾಗಿಲು ಹಾಕಿಕೊಂಡು ಒಳಗೇ ಕುಳಿತರು ಎಂಬುದು ನನಗೆ ಇಂದಿಗೂ ನೋವಿನ ವಿಷಯ, ಏಕೆಂದರೆ ಕಿರೀಟ ಪ್ರತಿದಿನ ಅಲ್ಲೇ ಇರುತ್ತದೆ, ಕಾಣುವ ಅವಕಾಶ ಮಾತ್ರ ಒಂದು ಊರಿಗೆ ಶತಮಾನಗಳಿಗೊಮ್ಮೆ ಸಿಗುತ್ತದೆ. ಅದಕ್ಕಿಂತ ನೂರ ಹನ್ನೆರಡು ವರ್ಷ ಹಿಂದೆ, 1868ರ ಆಗಸ್ಟ್ 18ರಂದು, ಕುಷ್ಟಗಿಯ ಆಚೆಗಿನ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಇನ್ನೊಂದು ಖಗ್ರಾಸ ಗ್ರಹಣ ನಡೆದಿತ್ತು. ಖ್ಯಾತ ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್ ಅವರ ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ರೋಹಿತದರ್ಶಕ ಇಟ್ಟುಕೊಂಡು, ಮೋಡಗಳ ಸಂದಿನಲ್ಲಿ, ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಹೊಳೆಯುವ ಗೆರೆಗಳನ್ನು ಕಂಡರು. ಅದೇ ಹೊತ್ತಿಗೆ ಗುಂಟೂರಿನಲ್ಲಿ ಫ್ರಾನ್ಸಿನ ಜೂಲ್ ಜಾನ್ಸನ್ ಕೂಡ ಹೊಳೆಯುವ ಗೆರೆಗಳನ್ನು ಕಂಡರು. ಕಿತ್ತಳೆ ಗೆರೆ ಸೋಡಿಯಂನದೇ ಎಂದು ಹರ್ಷೆಲ್ ಭಾವಿಸಿದ್ದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಅದು ಸೋಡಿಯಂನ ಜಾಗದಿಂದ ತುಸು ಆಚೆಗಿದೆ ಎಂದು ಅಳೆದರು. ಭೂಮಿಯ ಮೇಲೆ ಯಾರೂ ಕಾಣದ ಧಾತುವೊಂದು ಸೂರ್ಯನಲ್ಲಿದೆ ಎಂಬ ಮಾತು ಹುಟ್ಟಿತು, ಅದಕ್ಕೆ ಹೀಲಿಯಂ ಎಂಬ ಹೆಸರೂ ಬಂತು. ನಂಬದವರು ಬಹಳ ಜನ ಇದ್ದರು. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಖನಿಜದಿಂದ ಹೊರಬಂದ ಅನಿಲದಲ್ಲಿ ಅದೇ ಗೆರೆಯನ್ನು ಕಂಡರು. ಕೈಯಲ್ಲಿ ಹಿಡಿಯುವುದಕ್ಕೆ ಇಪ್ಪತ್ತೇಳು ವರ್ಷ ಮೊದಲೇ ಒಂದು ಧಾತುವನ್ನು ಒಂದು ಗೆರೆಯ ಬಲದ ಮೇಲೆ ಗುರುತಿಸಲಾಗಿತ್ತು. ರೋಹಿತದ ಮಾತು ಬರೀ ಊಹೆ ಎನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಜೋಡಿ ನಕ್ಷತ್ರಗಳಲ್ಲೂ ಗ್ರಹಣ ಆಗುತ್ತದೆ. ಕೃತ್ತಿಕೆಯ ಉತ್ತರಕ್ಕೆ ಪರ್ಸಿಯಸ್ ಪುಂಜದಲ್ಲಿರುವ ಅಲ್ಗಾಲ್ ನಕ್ಷತ್ರ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗಿ, ಮೂರರಲ್ಲಿ ಒಂದು ಪಾಲು ಬೆಳಕನ್ನಷ್ಟೇ ಉಳಿಸಿಕೊಂಡು, ಮತ್ತೆ ಮೊದಲಿನಂತಾಗುತ್ತದೆ. ಕಿವಿ ಕೇಳಿಸದ, ಹದಿನೆಂಟರ ಪ್ರಾಯದ ಜಾನ್ ಗುಡ್ರಿಕ್ ಇದನ್ನು ಬರಿಗಣ್ಣಿನಿಂದ ಲೆಕ್ಕ ಹಾಕಿ, ಕಪ್ಪಾದ ದೊಡ್ಡ ಕಾಯವೊಂದು ಅದರ ಮುಂದೆ ಹಾದುಹೋಗುತ್ತಿರಬಹುದು ಎಂದು 1783ರಲ್ಲಿ ಹೇಳಿದ. ನೂರು ವರ್ಷ ಅದು ಊಹೆಯಾಗಿಯೇ ಉಳಿಯಿತು. 1889ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಹರ್ಮನ್ ಫೋಗಲ್ ಅಲ್ಗಾಲ್‌ನ ಗೆರೆಗಳು ಗ್ರಹಣಕ್ಕೆ ಮುಂಚೆ ಒಂದು ಕಡೆಗೂ ಆಮೇಲೆ ಇನ್ನೊಂದು ಕಡೆಗೂ ಸರಿಯುವುದನ್ನು ಅಳೆದಾಗ ಸಂಗಾತಿ ಖಚಿತವಾಯಿತು. ಆದರೂ ಆ ಸಂಗಾತಿಯ ಗೆರೆ ಯಾರ ಕೈಗೂ ಸಿಗಲಿಲ್ಲ. ಸಿಕ್ಕಿದ್ದು 1978ರಲ್ಲಿ, ಟೆಕ್ಸಾಸ್‌ನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದ ಜೋಸೆಲಿನ್ ಟಾಮ್ಕಿನ್ ಮತ್ತು ಡೇವಿಡ್ ಲ್ಯಾಂಬರ್ಟ್ ಅವರಿಗೆ. ಅವರ ಉಪಾಯದಲ್ಲಿ ಇಡೀ ವಿದ್ಯೆಯ ತಿರುಳಿದೆ. ಅಲ್ಗಾಲ್‌ನ ದೊಡ್ಡ ನಕ್ಷತ್ರ ಬಹಳ ಬಿಸಿಯಾದದ್ದು. ಅಷ್ಟು ಕಾವಿನಲ್ಲಿ ಸೋಡಿಯಂ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುವುದರಿಂದ ಅದರ ಸುಪರಿಚಿತ ಹಳದಿ ಗೆರೆಗಳು ಅಲ್ಲಿ ಇರುವುದೇ ಇಲ್ಲ ಎನ್ನಬಹುದು. ತಣ್ಣಗಿನ ಸಂಗಾತಿಯಲ್ಲಿ ಮಾತ್ರ ಆ ಗೆರೆಗಳು ಬಲವಾಗಿರುತ್ತವೆ. ಆದ್ದರಿಂದ ಸೋಡಿಯಂನ ಜಾಗದಲ್ಲಿ, ಆಗ ಹೊಸದಾಗಿ ಬಂದಿದ್ದ ಸೂಕ್ಷ್ಮ ಎಲೆಕ್ಟ್ರಾನಿಕ್ ಗ್ರಾಹಕದಿಂದ ಹುಡುಕಿದರು. ಮಂಕು ಗೆರೆ ಅಲ್ಲೇ ಇತ್ತು, ದೊಡ್ಡ ನಕ್ಷತ್ರದ ಚಲನೆಗೆ ಸರಿಯಾಗಿ ವಿರುದ್ಧ ದಿಕ್ಕಿನಲ್ಲಿ ತೂಗುತ್ತಿತ್ತು. ದೊಡ್ಡದರ ವೇಗ ಸೆಕೆಂಡಿಗೆ ಸುಮಾರು 44 ಕಿಲೋಮೀಟರ್, ಮಂಕಾದುದರದು ಸುಮಾರು 200. ಅಂದರೆ ದೊಡ್ಡದು ನಾಲ್ಕೂವರೆ ಪಟ್ಟು ಭಾರ. ಇದರಿಂದ ಒಂದು ಹಳೆಯ ಒಗಟು ಅಂಕಿಯ ಸಮೇತ ಎದುರಿಗೆ ನಿಂತಿತು. ಭಾರವಾದ ನಕ್ಷತ್ರ ಬೇಗ ಮುಪ್ಪಾಗಬೇಕು, ಹಗುರವಾದದ್ದು ನಿಧಾನ. ಅಲ್ಗಾಲ್‌ನಲ್ಲಿ ಹಗುರವಾದದ್ದೇ ಉಬ್ಬಿ ಮುಪ್ಪಾಗಿದೆ. ಮೊದಲು ಅದೇ ಭಾರವಾಗಿತ್ತು, ಉಬ್ಬಿದಾಗ ತನ್ನ ಮೈಯ ಹೆಚ್ಚಿನ ಭಾಗವನ್ನು ಪಕ್ಕದ್ದಕ್ಕೆ ಸುರಿಯಿತು ಎಂಬುದೊಂದೇ ಇದಕ್ಕೆ ಒಪ್ಪುವ ವಿವರಣೆ. ಎಂಥ ಸ್ಪಷ್ಟ ಚಿತ್ರ ತೆಗೆದಿದ್ದರೂ ಈ ಕಥೆ ಚಿತ್ರದಲ್ಲಿ ಸಿಗುತ್ತಿರಲಿಲ್ಲ.

ಗ್ರಹಣವಾಗದ ಜೋಡಿಗಳಿಗೆ ಇನ್ನೊಂದು ದಾರಿ ಇದೆ. ಬೆಳಕಿನ ಬೇರೆ ಪಟ್ಟೆಗೆ ಹೋಗುವುದು. ಆಕಾಶದ ಅತಿ ಪ್ರಖರ ನಕ್ಷತ್ರ ಲುಬ್ಧಕಕ್ಕೆ ಒಂದು ಶ್ವೇತ ಕುಬ್ಜ ಸಂಗಾತಿಯಿದೆ, ಅಂದರೆ ಹೊರಮೈ ಕಳೆದುಕೊಂಡು ಉಳಿದ ನಕ್ಷತ್ರದ ಬಿಸಿ ತಿರುಳು. ಕಣ್ಣಿನ ಬೆಳಕಿನಲ್ಲಿ ಅದು ಸುಮಾರು ಹತ್ತು ಸಾವಿರ ಪಟ್ಟು ಮಂಕು. ಆದರೆ ಖಭೌತ ವಿಜ್ಞಾನಿ ಚಂದ್ರಶೇಖರ್ ಅವರ ಹೆಸರಿನ ಎಕ್ಸ್-ಕಿರಣ ಉಪಗ್ರಹ ತೆಗೆದ ಚಿತ್ರದಲ್ಲಿ ಹೊಳೆಯುವುದು ಕುಬ್ಜವೇ. ಯಾವ ಬೆಳಕಿನಲ್ಲಿ ನೋಡುತ್ತೇವೆ ಎಂಬುದರ ಮೇಲೆ ಪ್ರಖರ ಯಾವುದು, ಮಂಕು ಯಾವುದು ಎಂಬುದು ನಿಂತಿದೆ. ಈ ವಿದ್ಯೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ, ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಅತಿನೇರಳೆ ದೂರದರ್ಶಕವಿದೆ. ಆ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸಂಗಡಿಗರು ಅದರಿಂದ ಎನ್‌ಜಿಸಿ 188 ಎಂಬ ಹಳೆಯ ನಕ್ಷತ್ರಗುಚ್ಛದಲ್ಲಿ, ತನ್ನ ವಯಸ್ಸಿಗೆ ಮೀರಿ ನೀಲಿಯಾಗಿ ಎಳೆಯದಾಗಿ ಕಾಣುವ ಒಂದು ನಕ್ಷತ್ರವನ್ನು ಪರಿಶೀಲಿಸಿ, ಅದರ ಜೊತೆಗೆ ಸುಮಾರು 17,000 ಡಿಗ್ರಿ ಕಾವಿನ ಸಂಗಾತಿ ಇದೆ ಎಂದು 2016ರಲ್ಲಿ ಪ್ರಕಟಿಸಿದರು. ಇಂಥ ನಕ್ಷತ್ರಗಳನ್ನು ಬ್ಲೂ ಸ್ಟ್ರ್ಯಾಗ್ಲರ್ ಎನ್ನುತ್ತಾರೆ. ಗುಚ್ಛದ ಎಲ್ಲ ನಕ್ಷತ್ರಗಳೂ ಒಟ್ಟಿಗೆ ಹುಟ್ಟಿದವು. ಇಷ್ಟು ನೀಲಿಯಾಗಿ ಕಾಣುವಷ್ಟು ಭಾರದವು ಎಂದೋ ಸತ್ತಿರಬೇಕಿತ್ತು. ಪಕ್ಕದ್ದರಿಂದ ಅನಿಲ ಹೀರಿಕೊಂಡು ಹರೆಯ ಮರಳಿ ಪಡೆದಿವೆ ಎಂಬ ವಿವರಣೆಗೆ, ಹೀರಿಸಿಕೊಂಡು ಬರಿದಾದ ಬಿಸಿ ತಿರುಳು ಪಕ್ಕದಲ್ಲೇ ಸಿಕ್ಕರೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. 2019ರಲ್ಲಿ ಕರ್ಕಾಟಕ ರಾಶಿಯ ಎಂ67 ಗುಚ್ಛದಲ್ಲಿ ಇದೇ ಸಂಸ್ಥೆಯವರಿಗೆ ಮತ್ತೊಂದು ಸಿಕ್ಕಿತು. ಅಲ್ಲಿ ಜೋಡಿಯ ಅವಧಿ 4.2 ದಿನ ಎಂಬುದು ಮೊದಲೇ ಗೆರೆಗಳ ತೂಗಾಟದಿಂದ ಗೊತ್ತಿತ್ತು. ಅತಿನೇರಳೆಯಲ್ಲಿ ಹೆಚ್ಚುವರಿಯಾಗಿ ಬಂದ ಬೆಳಕು, ಸಂಗಾತಿ ಸೂರ್ಯನ ಐದರಲ್ಲಿ ಒಂದು ಪಾಲಿಗಿಂತಲೂ ಹಗುರವಾದ ಶ್ವೇತ ಕುಬ್ಜ ಎಂದು ತಿಳಿಸಿತು. ಅತಿನೇರಳೆ ಕೆಲಸ ಹೆಚ್ಚಾಗಿ ಬೇರೆ ಬೇರೆ ಸೋಸುಕಗಳ ಮೂಲಕ ಬೆಳಕನ್ನು ಅಳೆಯುವುದು, ಗೆರೆ ಗೆರೆಯಾಗಿ ಬಿಡಿಸುವುದಲ್ಲ. ಆದ್ದರಿಂದ ಅದೊಂದೇ ಸಾಲದು, ಗೆರೆಯ ಸಾಕ್ಷ್ಯ ಜೊತೆಗೆ ಬಂದಾಗಲೇ ವಾದ ನಿಲ್ಲುತ್ತದೆ.

ಹಾಗೆ ಎರಡು ಸಾಕ್ಷ್ಯಗಳು ಒಂದೆಡೆ ಕೂಡಿದ ಅತ್ಯಂತ ಚೆಲುವಾದ ಉದಾಹರಣೆ 2024ರದು. ಅದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1951ರಲ್ಲಿ ಬೈಡೆಲ್ಮನ್ ಮತ್ತು ಕೀನನ್ ಎಂಬಿಬ್ಬರು, ಬೇರಿಯಂ ಧಾತುವಿನ ಗೆರೆಗಳು ಅತಿಯಾಗಿರುವ ಒಂದು ಬಗೆಯ ನಕ್ಷತ್ರಗಳನ್ನು ಗುರುತಿಸಿದರು. ಬೇರಿಯಂ ತಯಾರಾಗುವುದು ಮುಪ್ಪಿನ ಕೊನೆಯಲ್ಲಿರುವ ಕೆಂಪು ದೈತ್ಯಗಳ ಒಡಲಲ್ಲಿ. ಈ ನಕ್ಷತ್ರಗಳು ಆ ಹಂತಕ್ಕೆ ಬಂದೇ ಇಲ್ಲ. ಹಾಗಾದರೆ ಬೇರಿಯಂ ಬಂದದ್ದು ಎಲ್ಲಿಂದ? ನಮ್ಮೂರಿನ ಮೇಲೆ ಗ್ರಹಣದ ನೆರಳು ಹಾದ ಅದೇ 1980ರಲ್ಲಿ ಕೆನಡಾದ ರಾಬರ್ಟ್ ಮೆಕ್‌ಕ್ಲೂರ್ ಮತ್ತು ಸಂಗಡಿಗರು ಇವುಗಳ ಗೆರೆಗಳನ್ನು ವರ್ಷಾನುಗಟ್ಟಲೆ ಅಳೆದು, ಇವೆಲ್ಲ ಜೋಡಿ ನಕ್ಷತ್ರಗಳೇ ಇರಬೇಕು ಎಂದು ತೋರಿಸಿದರು. ಕಾಣದ ಸಂಗಾತಿ ಒಂದು ಕಾಲಕ್ಕೆ ಕೆಂಪು ದೈತ್ಯವಾಗಿತ್ತು, ತಾನು ತಯಾರಿಸಿದ್ದನ್ನು ಪಕ್ಕದ್ದರ ಮೇಲೆ ಸುರಿದು ತಾನು ಶ್ವೇತ ಕುಬ್ಜವಾಗಿ ಮಂಕಾಯಿತು. ಇದೇ ವಿವರಣೆಯನ್ನು ಬ್ಲೂ ಸ್ಟ್ರ್ಯಾಗ್ಲರ್‌ಗಳ ಮೇಲೆ ಪರೀಕ್ಷಿಸುವ ಅವಕಾಶ ಎಂ67ರಲ್ಲಿ ಒದಗಿತು. ಡಬ್ಲ್ಯುಓಸಿಎಸ್ 9005 ಎಂಬ ನಕ್ಷತ್ರದ ರೋಹಿತದಲ್ಲಿ ಬೇರಿಯಂ, ಯಟ್ರಿಯಂ, ಲ್ಯಾಂಥನಂ ಮೂರೂ ಅತಿಯಾಗಿವೆ ಎಂದು ಖಭೌತ ಸಂಸ್ಥೆಯ ತಂಡ ಕಂಡುಕೊಂಡಿತು. ಆಸ್ಟ್ರೋಸ್ಯಾಟ್‌ನ ಅತಿನೇರಳೆ ಅಳತೆಯಲ್ಲಿ ಹೆಚ್ಚುವರಿ ಬೆಳಕೂ ಇತ್ತು. ಸುಮಾರು ಅರ್ಧ ಸೂರ್ಯನಷ್ಟು ತೂಕದ ಶ್ವೇತ ಕುಬ್ಜವೊಂದು ಪಕ್ಕದಲ್ಲಿದೆ. ಕೊಟ್ಟವನ ಗುರುತು ಪಡೆದವನ ಮೈಮೇಲಿದೆ, ಕೊಟ್ಟವನೂ ಸ್ಥಳದಲ್ಲೇ ಸಿಕ್ಕಿದ್ದಾನೆ. ಇಂಥ ಪುರಾವೆಯನ್ನು ಯಾವ ನ್ಯಾಯಾಲಯವೂ ತಳ್ಳಿಹಾಕಲಾರದು ಎಂದು ನನ್ನ ಅನಿಸಿಕೆ.

ಈಗ ಆಕ್ಷೇಪಗಳಿಗೆ ಬರೋಣ. ಗೆರೆ ಹಿಂದೆ ಮುಂದೆ ತೂಗುವುದಕ್ಕೆ ಸಂಗಾತಿಯೇ ಕಾರಣ ಆಗಬೇಕೆಂದಿಲ್ಲ, ನಕ್ಷತ್ರದ ಮೈಯೇ ಉಬ್ಬಿ ತಗ್ಗುತ್ತಿದ್ದರೂ ಹಾಗೇ ಕಾಣುತ್ತದೆ ಎಂಬುದು ಮೊದಲನೆಯದು. ಇದು ಬಲವಾದ ಆಕ್ಷೇಪ, ಏಕೆಂದರೆ ನಿಜವಾಗಿಯೂ ಹೀಗೆ ಮೋಸ ಹೋದದ್ದುಂಟು. ಡೆಲ್ಟಾ ಸೆಫೈ ನಕ್ಷತ್ರದ ಗೆರೆಗಳ ತೂಗಾಟವನ್ನು 1890ರ ದಶಕದಲ್ಲಿ ಬೆಲೋಪೊಲ್ಸ್ಕಿ ಅಳೆದ ಮೇಲೆ ಇಪ್ಪತ್ತು ವರ್ಷ ಅದನ್ನು ಜೋಡಿ ಎಂದೇ ತಿಳಿದಿದ್ದರು. 1914ರಲ್ಲಿ ಹಾರ್ಲೊ ಶಾಪ್ಲಿ ಲೆಕ್ಕ ಹಾಕಿ, ಅದು ಜೋಡಿಯಾಗಿದ್ದರೆ ಕಕ್ಷೆ ನಕ್ಷತ್ರದ ಒಡಲೊಳಗೇ ಇರಬೇಕಾಗುತ್ತದೆ, ಅದು ಅಸಾಧ್ಯ, ಆದ್ದರಿಂದ ನಕ್ಷತ್ರವೇ ಮಿಡಿಯುತ್ತಿದೆ ಎಂದು ತೋರಿಸಿದರು. ಆ ತಪ್ಪು ಹೊರಬಿದ್ದದ್ದು ಅದೇ ರೋಹಿತದ ಅಂಕಿಗಳಿಂದ ಎಂಬುದನ್ನು ಗಮನಿಸಬೇಕು. ಇಂದು ಈ ಪರೀಕ್ಷೆ ಇನ್ನೂ ಕಠಿಣವಾಗಿದೆ. ಮೈ ಮಿಡಿದರೆ ಗೆರೆಯ ಆಕಾರವೇ ಬದಲಾಗುತ್ತದೆ, ಕಾವೂ ಬದಲಾಗುತ್ತದೆ. ಕಕ್ಷೆಯಲ್ಲಿ ಸುತ್ತಿದರೆ ಎಲ್ಲ ಧಾತುಗಳ ಗೆರೆಗಳೂ ಆಕಾರ ಕೆಡದೆ ಒಂದೇ ವೇಗದಲ್ಲಿ ಸರಿಯುತ್ತವೆ. ಎರಡನೆಯ ಆಕ್ಷೇಪ ಕಕ್ಷೆಯ ವಾಲಿಕೆಯದು. ಡಾಪ್ಲರ್ ಅಳೆಯುವುದು ನಮ್ಮತ್ತ ಬರುವ ಹೋಗುವ ವೇಗವನ್ನು ಮಾತ್ರ. ಕಕ್ಷೆ ನಮ್ಮ ದೃಷ್ಟಿರೇಖೆಗೆ ಓರೆಯಾಗಿದ್ದರೆ ನಿಜವಾದ ವೇಗದಲ್ಲಿ ಒಂದು ಪಾಲಷ್ಟೇ ಲೆಕ್ಕಕ್ಕೆ ಬರುತ್ತದೆ. ಇದು ನಿಜ, ಆದ್ದರಿಂದಲೇ ಪ್ರಾಮಾಣಿಕ ಲೇಖನಗಳಲ್ಲಿ ಕನಿಷ್ಠ ತೂಕ ಎಂದೇ ಬರೆಯುತ್ತಾರೆ. ಗ್ರಹಣವಾಗುವ ಜೋಡಿಯಲ್ಲಿ ಈ ಕೊರತೆ ಇಲ್ಲ. ಉಳಿದವುಗಳಲ್ಲಿ ಅನೇಕಕ್ಕೆ ಯುರೋಪಿನ ಗಾಯಾ ಉಪಗ್ರಹ ಆಕಾಶದಲ್ಲಿ ನಕ್ಷತ್ರದ ಸ್ಥಾನ ಅಲುಗುವುದನ್ನು ಅಳೆದು ಕಕ್ಷೆಯ ವಾಲಿಕೆಯನ್ನೂ ಕೊಟ್ಟಿದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಮೊನಚಾದದ್ದು. ಮಂಕಾದ ಸಂಗಾತಿಯನ್ನು ಕಾಣದೆ ಹೋದಾಗ ವಿಜ್ಞಾನಿಗಳು ಅಲ್ಲಿ ಇನ್ನೇನನ್ನೋ ಕಲ್ಪಿಸಿಕೊಂಡದ್ದಿಲ್ಲವೇ? ಉಂಟು. 2020ರ ಮೇ ತಿಂಗಳಲ್ಲಿ, ಸುಮಾರು ಸಾವಿರ ಜ್ಯೋತಿರ್ವರ್ಷ ದೂರದ ಎಚ್‌ಆರ್ 6819 ಎಂಬಲ್ಲಿ ಕಪ್ಪುಕುಳಿ ಇದೆ ಎಂದು ಯುರೋಪಿನ ದಕ್ಷಿಣ ವೀಕ್ಷಣಾಲಯದ ತಂಡ ಪ್ರಕಟಿಸಿತು. ಜಗತ್ತಿನ ಎಲ್ಲ ಪತ್ರಿಕೆಗಳಲ್ಲೂ ಭೂಮಿಗೆ ಅತ್ಯಂತ ಹತ್ತಿರದ ಕಪ್ಪುಕುಳಿ ಎಂದು ಸುದ್ದಿಯಾಯಿತು. ಅಲ್ಲಿ ನಲವತ್ತು ದಿನಕ್ಕೊಮ್ಮೆ ತೂಗುವ ನಕ್ಷತ್ರ ಭಾರವಾದದ್ದೆಂದು ಇಟ್ಟುಕೊಂಡರೆ, ಅದನ್ನು ತೂಗಿಸುವ ಕಾಣದ ಕಾಯ ನಾಲ್ಕು ಸೂರ್ಯರಿಗಿಂತ ಭಾರವಾಗಿರಲೇಬೇಕು ಎಂಬುದು ಅವರ ವಾದ. ಬೆಲ್ಜಿಯಂನ ಇನ್ನೊಂದು ತಂಡ ಅದೇ ರೋಹಿತಗಳನ್ನು ಬೇರೆ ರೀತಿ ಬಿಡಿಸಿತು. ಬೇರೆ ಬೇರೆ ರಾತ್ರಿ ತೆಗೆದ ಅನೇಕ ರೋಹಿತಗಳಲ್ಲಿ, ಬದಲಾಗದ ಎರಡು ರೋಹಿತಗಳು ಬೇರೆ ಬೇರೆ ಮೊತ್ತದಲ್ಲಿ ಸರಿದು ಬೆರೆತಿವೆ ಎಂದು ಇಟ್ಟುಕೊಂಡು, ಗಣಿತದಿಂದ ಎರಡನ್ನೂ ಪ್ರತ್ಯೇಕಿಸುವ ವಿಧಾನವದು. ಸೈಮನ್ ಮತ್ತು ಸ್ಟರ್ಮ್ ಎಂಬವರು 1994ರಲ್ಲಿ ಇದನ್ನು ರೂಪಿಸಿದ್ದರು. ಹಾಗೆ ಬಿಡಿಸಿದಾಗ ಕಪ್ಪುಕುಳಿಯ ಅಗತ್ಯವೇ ಬೀಳಲಿಲ್ಲ. ತೂಗುವ ನಕ್ಷತ್ರ ತನ್ನ ಹೊರಮೈಯನ್ನು ಪಕ್ಕದ್ದಕ್ಕೆ ಕೊಟ್ಟು ಬಹಳ ಹಗುರವಾಗಿತ್ತು, ಪಡೆದುಕೊಂಡ ನಕ್ಷತ್ರವೇ ಅದರ ಸಂಗಾತಿ. ಆಮೇಲೆ ನಡೆದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಎರಡೂ ತಂಡಗಳು ಜಗಳಕ್ಕೆ ನಿಲ್ಲದೆ ಒಟ್ಟಿಗೆ ಚಿಲಿಯ ದೂರದರ್ಶಕಗಳಲ್ಲಿ ಸಮಯ ಕೇಳಿ ಪಡೆದು, ಭೂಮಿ ಮತ್ತು ಸೂರ್ಯರ ನಡುವಿನ ದೂರದ ಮೂರರಲ್ಲಿ ಒಂದು ಪಾಲು ಅಂತರದಲ್ಲಿ ಎರಡು ನಕ್ಷತ್ರಗಳನ್ನು ಕಂಡವು. ಕಪ್ಪುಕುಳಿ ಇಲ್ಲ ಎಂದು 2022ರ ಮಾರ್ಚ್‌ನಲ್ಲಿ ಕೂಡಿಯೇ ಪ್ರಕಟಿಸಿದವು. ವಾದದಲ್ಲಿ ತಪ್ಪಾಗಿದ್ದದ್ದು ರೋಹಿತವಲ್ಲ, ನಕ್ಷತ್ರದ ತೂಕವನ್ನು ಅಳೆಯದೆ ಊಹಿಸಿಕೊಂಡದ್ದು. ಈ ಘಟನೆ ನನ್ನ ವಾದವನ್ನು ಸಡಿಲಗೊಳಿಸುವುದಿಲ್ಲ. ಎರಡು ವರ್ಷದೊಳಗೆ ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ಸಾಕ್ಷ್ಯ ಬದುಕಿನ ಬೇರೆ ಎಷ್ಟು ಕ್ಷೇತ್ರಗಳಲ್ಲಿ ನಮಗೆ ಸಿಗುತ್ತದೆ?

ಇದರಿಂದ ನಮಗೇನು ಎಂದು ಕೇಳುವವರಿಗೆ ಒಂದು ಮಾತು. ನಕ್ಷತ್ರಗಳ ತೂಕದ ಬಗ್ಗೆ ನಮಗಿರುವ ಭರವಸೆಯ ತಿಳಿವಳಿಕೆಯೆಲ್ಲ ಬಹುತೇಕ ಜೋಡಿಗಳಿಂದ ಬಂದದ್ದು, ಒಂಟಿ ನಕ್ಷತ್ರವನ್ನು ತೂಗಲು ತಕ್ಕಡಿ ಇಲ್ಲ. ಸೂರ್ಯನ ಮುಂದಿನ ಗತಿಯನ್ನು ಹೇಳುವ ಲೆಕ್ಕಗಳೂ ಈ ತೂಕಗಳ ಮೇಲೆಯೇ ಪರೀಕ್ಷೆಗೊಳ್ಳುತ್ತವೆ. ಈ ಕೆಲಸಕ್ಕೆ ಈಗ ದೊಡ್ಡ ಊರಿನಲ್ಲೇ ಇರಬೇಕೆಂಬ ಕಟ್ಟುಪಾಡೂ ಉಳಿದಿಲ್ಲ. ಡಬ್ಲ್ಯುಓಸಿಎಸ್ 9005ರ ಬೇರಿಯಂ ಸಿಕ್ಕಿದ್ದು ಆಸ್ಟ್ರೇಲಿಯಾದ ಗಾಲಾ ಸಮೀಕ್ಷೆಯಲ್ಲಿ ಮೊದಲೇ ತೆಗೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ರೋಹಿತದಲ್ಲಿ. ಆಸ್ಟ್ರೋಸ್ಯಾಟ್‌ನ ಅಳತೆಗಳು ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದಲ್ಲಿವೆ, ನೋಂದಾಯಿಸಿಕೊಂಡವರಿಗೆ ಹಣವಿಲ್ಲದೆ ಸಿಗುತ್ತವೆ. ಅದಕ್ಕೂ ಮುಂಚಿನ ಕೆಲಸ ಇನ್ನೂ ಸುಲಭ. ಚಳಿಗಾಲದ ರಾತ್ರಿ ಅಲ್ಗಾಲ್ ಮಂಕಾಗಿ ಮರಳುವುದನ್ನು ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬರೆದಿಡಲು ಕಣ್ಣು, ಗಡಿಯಾರ, ವಹಿ ಸಾಕು. ಗುಡ್ರಿಕ್ ಹತ್ತಿರ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳ ಕಡೆ ಅದಕ್ಕೆ ಬೇಕಾದ ಕತ್ತಲೆ ಇನ್ನೂ ಉಳಿದಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಪದವಿ ಕಾಲೇಜುಗಳ ಭೌತಶಾಸ್ತ್ರದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ವಿನಂತಿ ಇಷ್ಟೇ. ಅಂತಿಮ ವರ್ಷದ ಮಕ್ಕಳ ಪ್ರಾಜೆಕ್ಟ್‌ಗೆ ಪುಸ್ತಕದಿಂದ ಎತ್ತಿ ಬರೆದ ಹಾಳೆಗಳನ್ನು ಒಪ್ಪಿಕೊಳ್ಳುವುದನ್ನು ಬಿಟ್ಟು, ಒಂದು ಜೋಡಿ ನಕ್ಷತ್ರದ ವೇಗದ ಅಂಕಿಗಳನ್ನು ಇಳಿಸಿಕೊಟ್ಟು, ಅದರ ಅವಧಿಯನ್ನೂ ತೂಕದ ಅನುಪಾತವನ್ನೂ ಅವರ ಕೈಯಿಂದಲೇ ಲೆಕ್ಕ ಮಾಡಿಸಿ.